ಅರ್ಥ್ ವೈರು

ಇದು ನಮ್ಮ ದೊಡ್ಡಮ್ಮನ ಮಗಳು ಸಿಂಚನಕ್ಕನಿಗೆ ಆಗಿದ್ದು. ಹೋದ ಕಾರ್ತೀಕದಲ್ಲಿ. ರಾತ್ರಿ ಹನ್ನೊಂದೂವರೆಗೆ ಅಕ್ಕ ಇಲವಾಲದ ಹತ್ತಿರ ಒಂದು ಆಲದಮರ ದಾಟಿ ಒಬ್ಬಳೇ ನಡೀತಿದ್ದಳು. ಚಪ್ಪಲಿ ಚಟ್... ಚಟ್... ಹಿಂದೆ ಗಂಡನ ಕಾರು ನಿಂತಿತ್ತು.

ಯಾಕೆ ಇಳಿದಳು ಅಂತ ಹೇಳ್ತೀನಿ.

ನಿಶಾಂತ್ ಭಾವನಿಗೆ ಬನ್ನಿಮಂಟಪದಲ್ಲಿ ಗ್ಯಾರೇಜಿದೆ. ಅಕ್ಕ ಎರಡನೇ ಹೆಂಡತಿ. ಮೊದಲನೆಯವರು, ಗಗನ, ಜ್ವರ ಬಂದು ಮೂರೇ ದಿನಕ್ಕೆ ಹೋಗ್ಬಿಟ್ರು. ಭಾವನ ಹಳೇ ಕಾರು ಆಗಾಗ ಎಂಜಿನ್ ಕಾದು ನಿಂತುಬಿಡ್ತಿತ್ತು. ಅದಕ್ಕೇ ಆವತ್ತು ಸಂಜೆ ಹೊರಗಿನಿಂದ ತಂದ ಟೆಂಪರೇಚರ್ ಮೀಟರ್ ಕೂರಿಸ್ತಿದ್ರು. ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ, ನಡುವೆ ಅಲ್ಯೂಮಿನಿಯಂ ತುಂಡು ಸೇರಿಸಿ, ಅದಕ್ಕೆ ಸೆನ್ಸರ್ ತಿರುಗಿಸಿ ಕೂರಿಸಿದ್ರು. ಹೋಸ್ ರಬ್ಬರು, ಕರೆಂಟು ಹರಿಯಲ್ಲ. ಆ ತುಂಡಿಂದ ಕಾರಿನ ಕಬ್ಬಿಣದ ಮೈಗೆ ಗೇಣುದ್ದದ ಅರ್ಥ್ ವೈರು ಕೊಟ್ಟರೇನೇ ಮೀಟರಿನ ಮುಳ್ಳು ಏಳೋದು.

ಅಕ್ಕ ಟಾರ್ಚ್ ಹಿಡಿದಿದ್ದಳು.

"ಅಲ್ಲಲ್ಲ ಕಣೇ, ಈ ಕಡೆ... ಕೊಡಿಲ್ಲಿ, ನಾನೇ ಹಿಡ್ಕೋತೀನಿ. ಗಗನಂಗೆ ಹೇಳೋದೇ ಬೇಕಿರಲಿಲ್ಲ. ನನ್ನ ಕೈ ಹೋಗೋ ಮುಂಚೆ ಅಲ್ಲಿ ಬೆಳಕು ಬೀಳ್ತಿತ್ತು."

ಅಕ್ಕ ನಕ್ಕಳಂತೆ. ಅವಳ ಆ ನಗು ನಂಗೊತ್ತು. ಭಾವ ಕೈ ತೊಳೆಯೋಕೆ ಹೋದಾಗ ಅರ್ಥ್ ವೈರು ಬಿಚ್ಚಿ ಪರ್ಸಿಗೆ ಹಾಕ್ಕೊಂಡಳು. ಕೆಲಸ ಕೆಡಲಿ ಅಂತ. ಅಷ್ಟೇ.

ಇಲವಾಲಕ್ಕೆ ಊಟಕ್ಕೆ ಹೋಗುವಾಗ ಮುಳ್ಳು ಅಲ್ಲಾಡಲಿಲ್ಲ. "ಬೆಳಿಗ್ಗೆ ನೋಡೋಣ ಬುಡು," ಅಂದ್ರು ಭಾವ. ವಾಪಸ್ ಹೊರಟಾಗ, ಮುಂದಿನ ಸೀಟಲ್ಲಿ ಕೂತು ಅಕ್ಕ ಮೆಲ್ಲಗೆ ಅಂದಳು:

"ರೀ, ಈ ಸೀಟು ಈಗ ನಂದು. ಅವಳ ಹೆಸರು ಇಲ್ಲಿ ಎತ್ಬೇಡಿ."

ಟಿಕ್.

ಮುಳ್ಳು ಎದ್ದಿತು. ಅರವತ್ತು... ಎಂಬತ್ತು... ನೂರಹತ್ತು.

ಭಾವ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ್ರು. ಹೊಗೆಯಿಲ್ಲ. ನೀರು ಕುದಿಯೋ ಗುಳುಗುಳು ಇಲ್ಲ. ಹೋಸ್ ಮೇಲೆ ಕೈ ಇಟ್ಟರೆ ಬರೀ ಬೆಚ್ಚಗೆ.

"ಸಿಂಚನಾ... ಅರ್ಥ್ ವೈರೇ ಇಲ್ಲ ಕಣೇ ಇಲ್ಲಿ."

ಅಕ್ಕ ಪರ್ಸ್ ಮುಟ್ಟಿಕೊಂಡಳು. ವೈರು ಇತ್ತು. ಕೆಳಗಿಳಿದಳು. ಮುಳ್ಳು ಎಂಬತ್ತಕ್ಕೆ ಬಂದು ನಿಂತಿತು. ಮತ್ತೆ ಹತ್ತಿ ಕೂತಳು. ಟಿಕ್... ನೂರಹತ್ತು. ಬಾಗಿಲು ದೂಡಿ ನಡೆದೇಬಿಟ್ಟಳು.

ಆಲದಮರ ದಾಟಿದ ಮೇಲೆ ಕಾರು ನಿಧಾನಕ್ಕೆ ಪಕ್ಕಕ್ಕೆ ಬಂತು.

"ಹಿಂದೆ ಕೂತ್ಕೋ," ಭಾವ ಪಿಸುಗುಟ್ಟಿದ್ರು.

"ನಾನ್ಯಾಕ್ರೀ ಹಿಂದೆ?"

ಭಾವ ಮುಂದಿನ ಸೀಟಿನ ಕಡೆ ನೋಡಲೇ ಇಲ್ಲ.

ಅಕ್ಕ ಹಿಂದೆ ಕೂತಳು. ಮನೆ ತಲುಪೋವರೆಗೂ ಮುಳ್ಳು ಎಂಬತ್ತರಲ್ಲೇ ಇತ್ತು.

ಹೋದ ತಿಂಗಳು ನಾನೂ ಆ ಕಾರಲ್ಲಿ ಹೋದೆ. ಮುಂದೆ ಖಾಲಿ ಅಂತ ಬಾಗಿಲಿಗೆ ಕೈ ಹಾಕಿದೆ. ಅಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳ್ಕೊಂಡಳು. ಭಾವ ಬೇರೆ ವೈರು ಹಾಕಿಲ್ಲವಂತೆ. ಮುಳ್ಳು ಎಂಬತ್ತರಲ್ಲಿತ್ತು. ನಾನು ಅದನ್ನೇ ನೋಡ್ತಿದ್ದೆ. ಅಕ್ಕ ಸದ್ದಿಲ್ಲದೆ ಪರ್ಸ್ ಜಿಪ್ ಎಳೆದು ತೋರಿಸಿದಳು... ಗೇಣುದ್ದದ ಕಪ್ಪು ವೈರು, ಎರಡೂ ತುದಿಗೆ ಸ್ಕ್ರೂ ಕೂರೋ ಹಿತ್ತಾಳೆ ಬಳೆ.

ಕಥೆ ಕಟ್ಟೋಕೆ ನಂಗೆ ಬರಲ್ಲ. ಮುಟ್ಟಿ ನೋಡಿದೀನಿ. ಬೆಚ್ಚಗಿತ್ತು.