ಮಣ್ಣಾಗದ ಜೆರ್ಸಿ

ಕಾಲೇಜಿನ ಫುಟ್‌ಬಾಲ್ ಕೋಚ್ ತಂದು ಸುರಿದ ಜೆರ್ಸಿಗಳ ಬೆವರುನಾತ, ಲಾಂಡ್ರಿಯ ಬೆಂಚಿನಲ್ಲಿ ಕಾಯುತ್ತಿದ್ದ ನರ್ಸಮ್ಮನ ಮೂಗಿಗೆ ಮೊದಲು ಬಡಿಯಿತು. ಮಾತು ಕಿವಿಗೆ ಬಿದ್ದದ್ದು ಆಮೇಲೆ.

“ಮ್ಯಾಚ್ ಏನಾಯ್ತು ಸರ್?” ಲಾಂಡ್ರಿಯಾತ ಕೇಳಿದ.

“ಸೋತ್ವಿ. ಇನ್ನೇನು ಗೆದ್ವಿ ಅನ್ನೋ ಹೊತ್ತಿಗೆ ಎರಡು ಗೋಲು ಬಿಟ್ಟುಕೊಟ್ವಿ. ನಮ್ಮ ಡಿಫೆಂಡರ್ ಕುಂಟ್ತಾ ಇದ್ದ.”

“ಈ ಜೆರ್ಸಿಗೆ ಮಣ್ಣೇ ಆಗಿಲ್ವಲ್ಲ.”

“ಅದು ನನ್ನ ಮಗಂದು. ಹೊರಗೇ ಕೂತಿದ್ದ.”

“ಕುಂಟೋನ ಬದಲು ಅವನನ್ನೇ ಇಳಿಸಬಹುದಿತ್ತಲ್ಲ?”

“ಮಗ ಅಂತ ಆಡಿಸಿದ ಅಂತ ಆಡ್ಕೊಳ್ತಾರಲ್ಲ.”

“ಶನಿವಾರದ ಮ್ಯಾಚಿಗೆ?”

“ಮೊದಲಿಂದ್ಲೇ ಅವನು ಆಡ್ತಾನೆ.”

“ಅವನಿಗೆ ಹೇಳಿದ್ರಾ?”

“ಮನೇಲಿರೋದೇ ನಾವಿಬ್ರು. ಅವನು ಮಾತು ಬಿಟ್ಟಿದಾನೆ. ಅದಕ್ಕೇ ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಹೆಸರು ಹಾಕಿದೆ. ಎಲ್ರೂ ‘ಸರಿ ಸರ್’ ಅಂದ್ರು. ಅವನು ನೋಡಿದಾನೆ, ಏನೂ ಅಂದಿಲ್ಲ.”

ಲಾಂಡ್ರಿಯಾತ ಮಣ್ಣಾಗದ ಜೆರ್ಸಿಯನ್ನು ಮಡಚಿ ಒಂದು ಪಕ್ಕಕ್ಕಿಟ್ಟ.

ಆಗಲೇ ಬಾಗಿಲು ದಾಟಿದ್ದ ಕೋಚ್ ತಿರುಗಿ ನಿಂತರು.

“ಅದೊಂದನ್ನ ಬೇರೆ ಇಡಬೇಡಿ. ಮಿಕ್ಕವುಗಳ ಜೊತೆಗೇ ನೆನೆಸಿ,” ಎಂದು ಹೇಳಿ ಮೆಟ್ಟಿಲಿಳಿದು ಹೋದರು.