ಪುಟ್ಟಮಾದುವಿನ ಸಡಿಲು

೧೯೯೬ನೇ ಇಸವಿ ಅಕ್ಟೋಬರ್ ೧೭, ಗುರುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಗುಂಡ್ಲುಪೇಟೆಗೆ ಮಳೆ ಹಿಡಿದುಕೊಂಡಾಗ ನಾಗರತ್ನ ಮೆಕ್ಯಾನಿಕ್ ನಿಂಗಯ್ಯನ ಮನೆಯ ಜಗಲಿಯಲ್ಲಿದ್ದಳು. ಚಾಮರಾಜನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಆಕೆ ಇಪ್ಪತ್ತು ವರ್ಷ ಓಡಿದ ಕಾರೊಂದನ್ನು ಕೊಂಡು ತಿಂಗಳಾಗಿತ್ತು. ಚಕ್ರ ಹೊರಳುವ ಮೊದಲು ಸ್ಟೇರಿಂಗು ಸುಮ್ಮನೆ ಮೂರು ಅಂಗುಲ ತಿರುಗುತ್ತಿತ್ತು. ನಾಳೆ ಬೆಳಿಗ್ಗೆ ತಾಯಿಯನ್ನು ಕೂರಿಸಿಕೊಂಡು ಮಾದೇಶ್ವರನ ಬೆಟ್ಟ ಹತ್ತಬೇಕು. ಆ ತಿರುವುಗಳನ್ನು ನೆನೆದೇ, ಒಂದು ನೂಲಿನಷ್ಟೂ ಸಡಿಲು ಇರಬಾರದೆಂದು ಹಟ ಹಿಡಿದಿದ್ದಳು.

ಬೆಳಗಿನಿಂದ ಅವಳ ತಮ್ಮ ದಿಲೀಪ್ ಒಳಗೆ ಕೂತು ಸ್ಟೇರಿಂಗನ್ನು ಆಚೆ ಈಚೆ ಅಲ್ಲಾಡಿಸಿದ್ದ. ಎಪ್ಪತ್ತರ ನಿಂಗಯ್ಯ ಕಾರಿನಡಿ ಮಲಗಿ, ನಾಡಿ ಹಿಡಿಯುವವನ ಹಾಗೆ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಿದ್ದ. ಸವೆದ ಎರಡು ಬಾಲ್ ಜಾಯಿಂಟ್ ಬದಲಾಯಿಸಿದ. ಉಳಿದ ಸಡಿಲು ಸ್ಟೇರಿಂಗ್ ಬಾಕ್ಸಿನೊಳಗಿನ ಹಲ್ಲುಗಳದು. ಬಾಕ್ಸಿನ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡುವುದು ಬೇಡವೆಂದ, ಅವಳು ಕೇಳಲಿಲ್ಲ, ಮಾಡಿದ. ನಾಗರತ್ನ ಅಳೆದು ನೋಡಿದಳು. ಸೊನ್ನೆ.

ಕಾರು ಎದುರಿನ ಶೆಡ್ಡಿನಲ್ಲಿತ್ತು. ನಿಂಗಯ್ಯನ ಹೆಂಡತಿ ಸಣ್ಣತಾಯಮ್ಮ ಜಗಲಿಯಲ್ಲಿ ಕೂತಿದ್ದ ಅಕ್ಕ ತಮ್ಮನಿಗೂ ಗಂಡನಿಗೂ ಟೀ ತಂದಿಟ್ಟಳು.

"ಮಳೆ ಬಂತಲ್ಲ, ಇನ್ನು ಇವ್ರ ದೆವ್ವನೂ ಬತ್ತದೆ. ಆ ಕತೆ ಕೇಳಿ ಕೇಳಿ ನಮ್ಮನೆ ಹಸೂನೂ ಹೂಂಗುಟ್ಟದ ಕಲ್ತದೆ."

"ನೀ ಸುಮ್ಕಿರಮ್ಮಿ," ಎಂದ ನಿಂಗಯ್ಯ, ಗೋಡೆಗೊರಗಿ ಕಾಲು ಚಾಚಿದ. "ನಂಗೊಬ್ಬ ಗೆಣೆಕಾರ ಇದ್ದ ಕಣ್ರವ್ವ, ಪುಟ್ಟಮಾದು ಅಂತ, ಬಾಡಿಗೆ ಕಾರು ಓಡುಸ್ತಿದ್ದ. ಎಂಥಾ ಕಾಲ ಅಂತೀರಿ! ಅರಿಸಿನದ ಯಾಪಾರಿಗಳ್ನ ಊಟಿಗೆ ಬುಟ್ಟು ಬರೋವಾಗ ನಂಗೇಂತ ಎಲೆಕೋಸು ತರೋನು, ಹಂಗಳ ಊರು ದಾಟ್ತಿದ್ದಂಗೇ ಪದ ಹೇಳಕೆ ಸುರು ಮಾಡೋನು, ಆ ಅಳ್ಳಾಡೋ ಕಾರು ತಾಳ ಹಾಕೋದು... 'ಲೇ ನಿಂಗ, ಸ್ಟೇರಿಂಗೂ ಎಂಡ್ತಿ ಇದ್ದಂಗೆ ಕಣ್ಲಾ, ವಸಿ ಸಡ್ಲ ಬುಟ್ರೇ ಮಾತು ಕೇಳದು' ಅಂತ ರೇಗ್ಸೋನು. ನಂಗೆ ಸೊಕ್ಕು. ನನ್ ಕೈ ರಿಪೇರಿ ಅಂದ್ಮೇಲೆ ಕೂದ್ಲೆಳೆಯಷ್ಟೂ ಅಲ್ಲಾಡ್ಬಾರ್ದು. ಒಂದಿನ ಅವ್ನು ಬ್ಯಾಡ ಬ್ಯಾಡ ಅಂದ್ರೂ ಸೊನ್ನೆಗೆ ಬಿಗಿ ಮಾಡ್ಬುಟ್ಟೆ. ಅವತ್ತೇ ಸಂಜೆ, ಗೂಡ್ಲೂರು ಘಾಟಿನ ತಿರುವಿನಲ್ಲಿ..."

ನಿಂಗಯ್ಯ ಲೋಟ ಎತ್ತಿ ಒಂದು ಗುಟುಕು ಟೀ ಕುಡಿದ.

"ಕಾರು ಕಮರಿಲಿತ್ತು, ಪುಟ್ಟಮಾದು ಉಳೀನಿಲ್ಲ. ಎಲ್ರೂ ಬ್ರೇಕು ಅಂದ್ರು. ನಾನೂ ಅಂದೆ, ಯಾಕನ್ಬಾರ್ದು? ತಿಂಗ್ಳಾಯ್ತು. ಇಂಥದೇ ಮಳೆ. ಉಡಿಗಾಲದ ಯಜಮಾನ್ರ ಕಾರ್ನ ಅಂಗೇ ಬಿಗಿ ಮಾಡಿ ಊಟಕ್ಕೆದ್ದೆ. ಬಂದು ನೋಡ್ತೀನಿ... ಸಡ್ಲ! ನಟ್ಟು ಬಿಚ್ಚಿತ್ತು, ಸ್ಕ್ರೂ ಹಿಂದಕ್ಕೆ ತಿರುಗಿತ್ತು, ಸ್ಕ್ರೂಡ್ರೈವರ್ನ ಬಟ್ಟೆಲಿ ಸುತ್ತಿ ಬಾನೆಟ್ ಮ್ಯಾಲೆ ಮಡಗಿತ್ತು. ಅಂಗೆ ಮಡಗೋನು ಈ ಗುಂಡ್ಲುಪೇಟೇಲಿ ಒಬ್ನೇ. ಯಾರು ಯೋಳಿ?"

"ಬೇರೆ ಯಾರೋ ತಿರುಗಿಸಿರಬಹುದಲ್ಲ ನಿಂಗಯ್ಯ? ಪರೀಕ್ಷೆ ಮಾಡಿದಿರಾ?" ಎಂದಳು ನಾಗರತ್ನ.

"ಮಾಡ್ದೆ ಕಣ್ರವ್ವ. ಬಿಗಿ ಮಾಡಿ, ಬೀಗ ಜಡಿದು, ಬಾಗ್ಲಿಗೇ ಬೆನ್ನು ಕೊಟ್ಟು ಕುಂತೆ. ತೆಗುದ್ರೆ ಮತ್ತೆ ಸಡ್ಲ. ಮೂರನೇ ಸಲ ರೇಗೋಯ್ತು. ಬಿಗಿ ಮಾಡಿ, ಜಾಕಿ ಕೊಟ್ಟು ಚಕ್ರ ಎತ್ತಿ, ಸ್ಟೇರಿಂಗ್ನ ಒಂದ್ಕಡೆಗೆ ಪೂರ್ತಿ ತಿರುಗ್ಸುದೆ. ಅಲ್ಲೇ ಕಚ್ಕತು! ಎಷ್ಟೆಳೆದ್ರೂ ಈಚೆಗೆ ಬರಾಕಿಲ್ಲ. ಯಾಕೆ? ಹಳೆ ಬಾಕ್ಸಿನಲ್ಲಿ ಹಲ್ಲು ಸವಿಯೋದು ನಟ್ಟನಡೂಕೆ, ಕಾರು ನೆಟ್ಟಗೆ ಓಡೋದೇ ಜಾಸ್ತಿ ಅಲ್ವೆ? ಆ ಸವೆದ ಜಾಗಕ್ಕೆ ಬಿಗಿ ಮಾಡುದ್ರೆ, ಸವೀದಿರೋ ಪಕ್ಕದ ಹಲ್ಲು ತಿರುವಿನಲ್ಲಿ ಕಚ್ಕತವೆ. ನನ್ ಪುಟ್ಟಮಾದು ಅದೆಷ್ಟು ಎಳೆದ್ನೋ..."

ಟೀ ಲೋಟ ಕೆಳಗಿಟ್ಟ.

"ಬ್ರೇಕಲ್ಲ ಕಣ್ರವ್ವ. ನಾನು."

ಸಣ್ಣತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾವಿರ ಸಲ ಕೇಳಿದ ಕತೆಗೂ ಅವಳಿಗೆ ಅಳು ಬರುತ್ತಿತ್ತು.

ನಾಗರತ್ನ ಎದ್ದು ನಿಂತಳು. "ಹಾಗಿದ್ದರೆ ನನ್ನ ಕಾರು? ಅಮ್ಮನನ್ನು ಕೂರಿಸಿಕೊಂಡು ನಾನು... ಗೊತ್ತಿದ್ದೂ ಯಾಕೆ ಬಿಗಿ ಮಾಡಿದಿರಿ?"

"ನನ್ ಮಾತು ನೀವು ಕೇಳ್ನಿಲ್ಲ. ಇಷ್ಟು ವರ್ಸದಲ್ಲಿ ನಿಮ್ಮಂಗೆ ಹಟ ಮಾಡ್ದೋರು ಆರು ಜನ. ಆರು ಸಲನೂ ನಂಗೆ ಭಯ ಆಗ್ನಿಲ್ಲ." ಮುದುಕ ನಕ್ಕ. "ನಾವು ನಾಕೂ ಜನ ಇಲ್ಲೇ ಕುಂತಿವಿ, ಶೆಡ್ಡಿಗೆ ಯಾರೂ ಓಗ್ನಿಲ್ಲ. ಈಗ ಓಗಿ ಅಳೀರಿ."

ದಿಲೀಪ್ ಮೇಲೇಳಲಿಲ್ಲ. ಅವಳೊಬ್ಬಳೇ ಮಳೆಯಲ್ಲಿ ಶೆಡ್ಡಿಗೆ ದಾಟಿದಳು. ಸ್ಟೇರಿಂಗನ್ನು ಎಡಕ್ಕೆ ಕೊನೆಯವರೆಗೆ ತಿರುಗಿಸಿದಳು, ಬಲಕ್ಕೂ ತಿರುಗಿಸಿದಳು. ಎಲ್ಲೂ ಕಚ್ಚದೆ, ಹಿಡಿದ ಕೈಯ ಜೊತೆಗೇ ಹಗುರವಾಗಿ ವಾಪಸು ಬಂತು. ಚಕ್ರ ನೇರಮಾಡಿ ಸ್ಟೇರಿಂಗಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಟೈರು ಮಿಸುಕುವವರೆಗೆ ತಿರುಗಿಸಿ ಅಳತೆಪಟ್ಟಿ ಹಿಡಿದಳು. ನಂಬಲಾರದೆ ಮತ್ತೊಮ್ಮೆ ಅಳೆದಳು. ಇಪ್ಪತ್ತೆರಡು ಮಿಲಿಮೀಟರ್ ಸಡಿಲು.