ಕಿಟಕಿಯ ಕೆಳಗಿನ ಭಾಷಣ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರೇ, ಆಗಲೇ ಗಡಿಯಾರ ನೋಡಲು ಶುರುಮಾಡಿರುವ ಸಭಿಕರೇ,

ಬಹುಕಾಲ ಬಸ್ ಡಿಪೋದ ನೌಕರರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದವನು ನಾನು. ನನ್ನ ಕೈಗೆ ಮೈಕು ಕೊಟ್ಟವರು ಆಮೇಲೆ ಪಶ್ಚಾತ್ತಾಪ ಪಟ್ಟಿದ್ದೇ ಹೆಚ್ಚು. ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಮೈಕು ಮಾಮ’ ಎನ್ನುತ್ತಾರೆ. ನನ್ನ ಸೊಸೆ ಮಾತ್ರ ಎದುರಿಗೇ ಎನ್ನುತ್ತಾಳೆ.

ಆ ಸೊಸೆಗೆ ಎಂಟು ತಿಂಗಳು ತುಂಬಿದ್ದಾಗ ಕೊರೊನಾ ಬಂತು. ಬರೀ ಕೆಮ್ಮು ಎಂದುಕೊಂಡಿದ್ದೆವು; ಉಸಿರಿಗೇ ಕುತ್ತು ಬಂತು. ಇದೇ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರಮ್ಮ ಹೇಳಿದರು: ಆಕ್ಸಿಜನ್ ಮಾಸ್ಕ್ ತೆಗೆಯಬಾರದು, ಅಂಗಾತ ಮಲಗಬಾರದು, ಎಡಮಗ್ಗುಲಾಗಿ ಮಲಗಿ ನಿದ್ದೆ ಮಾಡಬೇಕು, ತಾಯಿಯ ಉಸಿರು ನೆಟ್ಟಗಿದ್ದರೇ ಮಗುವಿಗೂ ಕ್ಷೇಮ. ಕೇಳುವುದಕ್ಕೆ ಎಷ್ಟು ಸುಲಭ! ಕಣ್ಣು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂಬ ಭಯ ಹೊಕ್ಕವಳು ಮಲಗುತ್ತಾಳೆಯೇ? ಎದ್ದೆದ್ದು ಕೂರುತ್ತಿದ್ದಳು, ಮಾಸ್ಕ್ ಕಿತ್ತುಹಾಕುತ್ತಿದ್ದಳು. ನನ್ನ ಮಗ ಫೋನು ಮಾಡಿದರೆ ಮೊದಲು ಅವನೇ ಅಳುತ್ತಿದ್ದ. ಅವನನ್ನು ಸಮಾಧಾನ ಮಾಡಿ ಮಾಡಿ ಇವಳ ಏದುಸಿರು ಇನ್ನೂ ಹೆಚ್ಚುತ್ತಿತ್ತು.

ಆಗ ಈ ಸಿಸ್ಟರ್ ನನಗೆ ಫೋನು ಮಾಡಿದರು. “ನೀವೇನಾ ಮೈಕು ಮಾಮ? ಬೇಗ ಒಂದು ಭಾಷಣ ಮಾಡಿ. ನೀವು ಮಾತಾಡಿದ್ರೆ ನಿಮ್ಮ ಸೊಸೆಗೆ ನಿದ್ದೆ ಬರುತ್ತಂತೆ.”

ಸಭಿಕರೇ, ಯಾವ ಭಾಷಣಕಾರನಿಗಾದರೂ ಇಂಥ ಆಹ್ವಾನ ಬಂದಿದೆಯೇ? ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ, ವಾರ್ಡಿನ ಕಿಟಕಿಯ ಕೆಳಗೇ ನಿಂತು ಫೋನಿನಲ್ಲೇ ಶುರುಮಾಡಿದೆ. ಡಿಪೋದ ಶೌಚಾಲಯಕ್ಕೆ ಬಾಗಿಲು ಬೇಕೆಂದು ಹೂಡಿದ ಮುಷ್ಕರದ ಭಾಷಣ ಅದು. ಎರಡನೆಯ ಬೇಡಿಕೆಗೆ ಬರುವಷ್ಟರಲ್ಲಿ ಸಿಸ್ಟರ್ ಪಿಸುಗುಟ್ಟಿದರು, “ಮಲಗಿದ್ರು. ನಿಲ್ಲಿಸ್ಬೇಡಿ, ಪಕ್ಕದ ಬೆಡ್ಡಿನವರಿಗೂ ತೂಕಡಿಕೆ ಬರ್ತಿದೆ.” ಅಂದಿನಿಂದ ದಿನವೂ ಮಾತಾಡಿದೆ.

ನಿಲ್ಲಿಸಲು ನನಗೂ ಧೈರ್ಯವಿರಲಿಲ್ಲ. ಇದನ್ನು ಹೇಳಬೇಕೆಂದು ಬಂದವನಲ್ಲ, ಬಾಯಿಗೆ ಬಂತು. ನನ್ನ ಮಗ ಹುಟ್ಟಿದ ದಿನ ಬೇರೊಂದು ಆಸ್ಪತ್ರೆಯಲ್ಲಿ ನರ್ಸೊಬ್ಬರು ಮಗುವನ್ನಷ್ಟೇ ತಂದು ನನ್ನ ಕೈಗಿಟ್ಟರು. ಅವನ ತಾಯಿ ಹೊರಗೆ ಬರಲಿಲ್ಲ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದೆ ಹೋದಾಗ ಸಿಕ್ಕ ಸಿಕ್ಕ ಮೈಕನ್ನೆಲ್ಲ ಹಿಡಿದುಕೊಂಡೆ. ಇರಲಿ.

ಸೊಸೆ ಚೇತರಿಸಿಕೊಳ್ಳುತ್ತಿದ್ದಾಗಲೇ, ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾಯಿತು. ಬೆಳಿಗ್ಗೆ ಈ ಸಿಸ್ಟರ್ ಕಿಟಕಿಗೆ ಬಂದರು. ಕೈಯಲ್ಲಿ ಮಗು. “ನೋಡಿ ಮಾಮ, ಮೊಮ್ಮಗಳು!” ಎಂದು ಗಾಜಿನ ಹತ್ತಿರ ಹಿಡಿದರು. ದೇವರಾಣೆಗೂ ಆ ಕೂಸಿನ ಮುಖ ನಾನು ನೋಡಲಿಲ್ಲ.

“ಇದರ ತಾಯಿ ಎಲ್ಲಿ?” ಎಂದೆ.

ಸಿಸ್ಟರ್ ನನ್ನ ಮುಖ ನೋಡಿದರು. ಒಳಗೆ ಹೋಗಿ ಮಂಚವನ್ನೇ ತಳ್ಳಿಕೊಂಡು ಬಂದರು, ಸಿಲಿಂಡರ್ ಸಮೇತ. ಸೊಸೆ ಫೋನು ಕಿವಿಗಿಟ್ಟುಕೊಂಡು, “ಇಲ್ಲೇ ಇದೀನಿ ಮಾವ. ಏನಾದ್ರೂ ಮಾತಾಡಿ” ಎಂದಳು.

ಒಂದಕ್ಷರ ಹೊರಡಲಿಲ್ಲ. ಅವಳು ಆ ಕಡೆ ನಗುತ್ತಿದ್ದಳು, ನಾನು ಈ ಕಡೆ ಗಾಜಿಗೆ ಕೈಯಿಟ್ಟುಕೊಂಡು ಅಳುತ್ತಿದ್ದೆ. ಮಗ ಹುಟ್ಟಿದ ದಿನ ಅಳದೆ ಉಳಿದದ್ದನ್ನೂ ಅಂದೇ ಅತ್ತೆ.

ಸಿಸ್ಟರೇ, ಅವಳ ಕಿವಿಗೆ ಫೋನು ಹಿಡಿದು ನಿಂತು ನಿಮ್ಮ ಕೈ ಎಷ್ಟು ಸೋತಿರಬೇಕು! ಇನ್ನು ಸುಖವಾಗಿ ಮಲಗಿ. ನಿದ್ದೆ ಬಾರದಿದ್ದರೆ ಫೋನು ಮಾಡಿ, ನಾನಿದ್ದೇನೆ. ನಿಮಗೂ, ತೂಕಡಿಸದೆ ಕೇಳಿದ ಎಲ್ಲರಿಗೂ ಧನ್ಯವಾದ, ನಮಸ್ಕಾರ.